ಮಣ್ಣಿನ ಮಾಳಿಗೆ ಮನೆಯ ದುರಸ್ತಿ: ಕಲ್ಲು, ಮಣ್ಣು, ಸುಣ್ಣದ ಕೆಲಸ ಮಾಡುವ ಬಗೆ

ಎರಡಡಿ, ಎರಡೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ (ದಪ್ಪ ಮರದ ದೂಲ) ಮತ್ತು ಜಂತಿ (ತೊಲೆಗಳ ಮೇಲಿನ ಸಣ್ಣ ಅಡ್ಡಮರ), ಅವುಗಳ ಮೇಲೆ ಮಣ್ಣಿನ ಮಾಳಿಗೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಇಂಥ ಮನೆಗಳು ಊರೂರಿಗೂ ಉಳಿದಿವೆ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನ ಫ್ಯಾನಿಲ್ಲದೆ ಕೂರಲು ಆಗುವುದು ಇವುಗಳ ಪಡಸಾಲೆಯಲ್ಲೇ. ಆದರೂ ದುರಸ್ತಿ ಎಂದ ಕೂಡಲೇ ಕೆಡವಿ ಸ್ಲ್ಯಾಬ್ ಹಾಕುವ ಮಾತು ಬರುತ್ತದೆ, ಇಲ್ಲವೇ ಇದ್ದ ಗೋಡೆಗೆ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಮಾಡಿ ಪೇಂಟ್ ಹೊಡೆಯುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದರಿಂದ ಮನೆ ನಿಧಾನವಾಗಿ, ಕಣ್ಣಿಗೆ ಕಾಣದಂತೆ ಕೆಡುತ್ತದೆ.

ಕಾರಣ ಸರಳ. ಮಣ್ಣಿನಲ್ಲಿ ಕಟ್ಟಿದ ಗೋಡೆ ನೆಲದಿಂದಲೂ ಮಳೆಯಿಂದಲೂ ತೇವ ಹೀರಿಕೊಳ್ಳುತ್ತದೆ, ಆಮೇಲೆ ಮೈಯೆಲ್ಲದರಿಂದ ಬಿಟ್ಟುಕೊಟ್ಟು ಒಣಗುತ್ತದೆ. ಸಿಮೆಂಟ್ ಗಿಲಾವು ಆ ಒಣಗುವ ದಾರಿಯನ್ನು ಮುಚ್ಚುತ್ತದೆ. ಗಿಲಾವಿನ ಹಿಂದೆ ಮಣ್ಣು ಹಸಿಯಾಗಿಯೇ ಉಳಿದು ಮೆತ್ತಗಾಗುತ್ತದೆ, ತೇವದ ಜತೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಮಣ್ಣನ್ನು ಪುಡಿ ಮಾಡುತ್ತದೆ. ಐದಾರು ಮಳೆಗಾಲ ಕಳೆದ ಮೇಲೆ ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ: ಟೊಳ್ಳು ಸದ್ದು ಬಂದಲ್ಲೆಲ್ಲ ಗಿಲಾವು ಗೋಡೆಯನ್ನು ಬಿಟ್ಟು ನಿಂತಿದೆ. ಮುಂದೆ ಹೇಳುವ ಪ್ರತಿಯೊಂದು ಕೆಲಸವೂ, ಮಾಳಿಗೆಯಿಂದ ಸುಣ್ಣ ಬಳಿಯುವವರೆಗೆ, ಇದೊಂದನ್ನು ಕಾಪಾಡಲಿಕ್ಕೇ: ನೀರು ಒಳಗೆ ಬರಬಾರದು, ಬಂದದ್ದು ಹೊರಗೆ ಹೋಗಬೇಕು.

ಕೈ ಹಾಕುವ ಮೊದಲು

ಒಂದು ಮಳೆಗಾಲವನ್ನಾದರೂ ಸುಮ್ಮನೆ ನೋಡಿ. ಬಿರುಕುಗಳ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಎರೆಮಣ್ಣಿನ ಮೇಲಿನ ಮನೆಗಳಲ್ಲಿ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ. ಎರೆ ನೀರು ಕುಡಿದು ಉಬ್ಬಿ, ಒಣಗಿ ಕುಗ್ಗುವುದರಿಂದ ಹಾಗಾಗುತ್ತದೆ. ಆ ಬಿರುಕಿಗೆ ಸಿಮೆಂಟ್ ತುಂಬಿದರೆ ಮರುವರ್ಷ ಅದರ ಪಕ್ಕದಲ್ಲಿ ಇನ್ನೊಂದು ಬರುತ್ತದೆ. ಅದಕ್ಕೆ ಮದ್ದು ಗೋಡೆಯಲ್ಲಿಲ್ಲ, ನೆಲದಲ್ಲಿದೆ; ಮುಂದೆ ಹೇಳಿದೆ.

ಗೋಡೆಗೆ ತೂಕದ ಗುಂಡು ಬಿಟ್ಟು ನೋಡಿ. ಕಲ್ಲಿನ ಗೋಡೆ ನಡುವೆ ಹೊಟ್ಟೆ ಬಂದಿದ್ದರೆ ಒಳಪದರ-ಹೊರಪದರದ ನಡುವಿನ ಸಂಬಂಧ ಕಳಚಿದೆ. ಹಳೆಯ ಗೋಡೆಗಳಲ್ಲಿ ಎರಡು ಕಲ್ಲಿನ ಪದರ, ನಡುವೆ ಚೂರುಕಲ್ಲು ಮತ್ತು ಮಣ್ಣು ಇರುತ್ತದೆ. ಎರಡನ್ನೂ ಹಿಡಿದಿಡುವ ಅಡ್ಡಗಲ್ಲುಗಳು ಕಡಿಮೆಯಿದ್ದರೆ ನಡುವಿನ ಮಣ್ಣು ನೆನೆದು ಕೆಳಗೆ ಕೂತು ಹೊರಪದರವನ್ನು ಹೊರಕ್ಕೆ ನೂಕುತ್ತದೆ. ಉಬ್ಬು ಎರಡು ಇಂಚು ದಾಟಿದ್ದರೆ ಅದು ಗೌಂಡಿಯೊಬ್ಬರೇ ತೀರ್ಮಾನಿಸುವ ಕೆಲಸವಲ್ಲ, ಕಟ್ಟಡದ ಎಂಜಿನಿಯರ್ ಒಬ್ಬರನ್ನು ಕರೆಯಿರಿ.

ಕಾಗದದ ಕೆಲಸವೂ ಈಗಲೇ ಆಗಲಿ. ಪುರಾತತ್ವ ಇಲಾಖೆ ರಕ್ಷಿಸುವ ಕೇಂದ್ರ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ದುರಸ್ತಿಗೂ ಅನುಮತಿ ಬೇಕು. ಅಲ್ಲಿಂದಾಚೆಗಿನ 200 ಮೀಟರ್‌ನಲ್ಲೂ ಅನುಮತಿ ಬೇಕು. ಬಳ್ಳಾರಿ ಕೋಟೆಯ ಸುತ್ತ, ಇಟಗಿಯ ಮಹಾದೇವ ದೇವಾಲಯದ ಸುತ್ತ ಇದು ಅನ್ವಯಿಸುತ್ತದೆ. ಆನೆಗೊಂದಿಯಂಥ ಊರುಗಳಲ್ಲಾದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನೂ ಕೇಳಬೇಕು. ಮಾಳಿಗೆ ಬಿಚ್ಚಿದ ಮೇಲೆ ನೋಟಿಸ್ ಬಂದರೆ ಮನೆ ಬಾಯಿ ತೆರೆದುಕೊಂಡೇ ಮಳೆಗೆ ಸಿಗುತ್ತದೆ.

ಮೊದಲು ನೀರಿನ ದಾರಿ

ಈಗ ಊರೂರಲ್ಲಿ ಕಾಣುವ ತೊಂದರೆ: ಓಣಿಗೆ ಒಂದರ ಮೇಲೊಂದು ಸಿಸಿ ರಸ್ತೆ ಹಾಕಿ ರಸ್ತೆಯೇ ಮನೆಯ ನೆಲಕ್ಕಿಂತ ಮೇಲೆ ಬಂದಿದೆ. ಒಳಗೆ ಎಷ್ಟು ಚೆಂದ ಕೆಲಸ ಮಾಡಿದರೂ ಓಣಿಯ ನೀರು ಗೋಡೆಯ ಬುಡಕ್ಕೆ ನಿಂತರೆ ಎಲ್ಲ ವ್ಯರ್ಥ. ಗೋಡೆಯಿಂದ ಎರಡಡಿ ದೂರದಲ್ಲಿ ಒಂದೂವರೆ ಅಡಿ ಅಗಲದ ಕಾಲುವೆ ತೋಡಿ. ಆಳ ಮನೆಯ ಒಳನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಲಿ, ಆದರೆ ಪಾಯದ ತಳಕ್ಕಿಂತ ಕೆಳಗೆ ಹೋಗಬಾರದು. ತಳದಲ್ಲಿ ತೂತಿರುವ ನಾಲ್ಕಿಂಚಿನ ಪೈಪ್, ಮೇಲೆ 40 ಮಿಮೀ ಜಲ್ಲಿ. ಇಳಿಜಾರು ನೂರಡಿಗೆ ಒಂದಡಿ ಸಾಕು. ನೀರು ಹೋಗಿ ಬೀಳುವ ಜಾಗವನ್ನು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ತೋಡಿ. ಓಣಿ ಇಕ್ಕಟ್ಟಾಗಿ ಎರಡಡಿ ಜಾಗವೇ ಇಲ್ಲದಿದ್ದರೆ ಬುಡಕ್ಕೆ ಇಳಿಜಾರಾಗಿ ಕಲ್ಲು ಹಾಸಿ, ನೀರನ್ನು ಪಂಚಾಯಿತಿ ಚರಂಡಿಗೆ ತಿರುಗಿಸುವುದಷ್ಟೇ ಉಳಿಯುವ ದಾರಿ.

ಎರೆ ನೆಲದಲ್ಲಿ ಮನೆಯ ಸುತ್ತ ಮೂರಡಿ ಅಗಲಕ್ಕೆ ಪರಸಿ (ಚಪ್ಪಡಿ ಕಲ್ಲು) ಹಾಸಿ, ಹೊರಕ್ಕೆ ಒಂದಿಂಚು ಇಳಿಜಾರು ಕೊಡಿ. ಪಾಯದ ಕೆಳಗಿನ ಮಣ್ಣು ವರ್ಷವಿಡೀ ಒಂದೇ ಹದದಲ್ಲಿ ಇದ್ದರೆ ಉಬ್ಬುವ-ಕುಗ್ಗುವ ಆಟ ನಿಲ್ಲುತ್ತದೆ. ಬಚ್ಚಲ ನೀರನ್ನು ಗೋಡೆಯ ಬುಡದ ತೆಂಗಿಗೋ ಬಾಳೆಗೋ ಬಿಡುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ.

ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಕಾಲುವೆ ಸೀಮೆಯಲ್ಲಿ ಗದ್ದೆಗೆ ನೀರು ಬಿಟ್ಟಾಗ ನೆಲದಡಿಯ ನೀರು ಮೇಲೆ ಬರುತ್ತದೆ. ಅಲ್ಲಿ ಗೋಡೆಯ ಬುಡದಿಂದ ಎರಡು ಮೂರಡಿಯವರೆಗೆ ಬಿಳಿ ಉಪ್ಪು ಹತ್ತುವುದು ಪೂರ್ತಿ ನಿಲ್ಲುವುದಿಲ್ಲ. ಒಪ್ಪಿಕೊಂಡು ಆ ಎತ್ತರದವರೆಗೆ ಮೆತ್ತನೆಯ ಸುಣ್ಣದ ಗಿಲಾವು ಮಾಡಿ, ಅದೇ ಉಪ್ಪನ್ನು ತಿಂದು ಉದುರಲಿ. ಕೆಲವು ವರ್ಷಕ್ಕೊಮ್ಮೆ ಅಷ್ಟನ್ನು ಮಾತ್ರ ಕೆರೆದು ಹೊಸದಾಗಿ ಹಚ್ಚಿದರೆ ಒಳಗಿನ ಗೋಡೆ ಉಳಿಯುತ್ತದೆ. ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ತಿಕ್ಕಿ ತೆಗೆಯಿರಿ.

ಮಾಳಿಗೆ

ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಹೊಸ ಸವಳು ಮಣ್ಣು ಹರಡುವುದು ಇಲ್ಲಿನ ರೂಢಿ. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು, ಹಾಗಾಗಿ ಅದರ ಜಿಗುಟು ಕಣ ನೀರು ತಾಕಿದೊಡನೆ ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚಿಬಿಡುತ್ತದೆ. ನೀರು ಕೆಳಗಿಳಿಯದೆ ಮೇಲೇ ಹರಿದು ಹೋಗುತ್ತದೆ. ಜಾಣತನದ ಪದ್ಧತಿ. ಎಡವಟ್ಟಾಗುವುದು ಹಳೆಯ ಪದರ ತೆಗೆಯದೆ ಹೊಸದನ್ನು ಹಾಕುತ್ತ ಹೋದಾಗ. ಒಂದು ಘನ ಮೀಟರ್ ಒಣ ಮಣ್ಣು ಸುಮಾರು 1600 ಕಿಲೋ. ಅಂದರೆ ಮಾಳಿಗೆಯ ಮಣ್ಣು ಒಂದಡಿ ದಪ್ಪವಾದರೆ ಪ್ರತಿ ಚದರ ಮೀಟರ್‌ಗೆ 480 ಕಿಲೋ, ಎಡೆಬಿಡದ ಮಳೆಗೆ ನೆನೆದರೆ ಇನ್ನೂ ಜಾಸ್ತಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮಣ್ಣಿನ ಮನೆಗಳು ಬಿದ್ದದ್ದು ನೆನಪಿರುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಬಿಚ್ಚುವ ಕ್ರಮ ಮುಖ್ಯ. ಮೊದಲು ಒಳಗಿನಿಂದ ಪ್ರತಿ ತೊಲೆಗೆ ಮೂರು ಕಡೆ ಜಾಕಿ ಕೊಡಿ: ನಡುವೆ ಒಂದು, ಎರಡೂ ಗೋಡೆಗಳಿಂದ ಒಂದೂವರೆ ಅಡಿ ಈಚೆಗೆ ಒಂದೊಂದು. ಜಾಕಿಯ ಕೆಳಗೆ ಎರಡಿಂಚಿನ ಹಲಗೆ ಇರಲಿ, ಇಲ್ಲದಿದ್ದರೆ ಹಳೆಯ ನೆಲದಲ್ಲಿ ಹೂತುಹೋಗುತ್ತದೆ. ಮನೆಯಲ್ಲಿ ಹಗೇವು (ಕಾಳು ತುಂಬಿಡುವ ನೆಲದಡಿಯ ಗುಂಡಿ) ಇದ್ದರೆ ಅದರ ಬಾಯಿ ಎಲ್ಲಿ, ಒಳಗೆ ಎಷ್ಟು ಅಗಲ ಎಂದು ಹಿರಿಯರನ್ನು ಕೇಳಿ ಗುರುತು ಹಾಕಿ. ಅದರ ಮೇಲೆ ಜಾಕಿ ನಿಲ್ಲಿಸಬಾರದು. ಆಮೇಲೆ ಮಣ್ಣನ್ನು ನಾಲ್ಕಿಂಚಿನ ಪದರವಾಗಿ, ತೊಲೆಯ ಎರಡೂ ಬದಿಯಿಂದ ಸಮನಾಗಿ ತೆಗೆಯಿರಿ. ಒಂದೇ ಅಂಕಣವನ್ನು ಪೂರ್ತಿ ಖಾಲಿ ಮಾಡಿದರೆ ತೊಲೆ ತಿರುಚುತ್ತದೆ. ತೆಗೆದ ಮಣ್ಣನ್ನು ಮಾಳಿಗೆಯ ಮೂಲೆಯಲ್ಲಿ ಗುಡ್ಡೆ ಹಾಕಬೇಡಿ, ಕೆಳಗೆ ಗೋಡೆಗೆ ಒರಗಿಸಿಯೂ ಸುರಿಯಬೇಡಿ. ಮೇಲಿನ ಭಾರ ಇಳಿದ ಗೋಡೆಯ ತಲೆ ಸಡಿಲ, ಅದಕ್ಕೆ ಪಕ್ಕದಿಂದ ಒತ್ತು ತಾಳುವ ಶಕ್ತಿ ಕಡಿಮೆ. ಕೆಲಸ ಮುಗಿಯುವವರೆಗೆ ಗೋಡೆಯ ತಲೆಗೆ ತಾಡಪಾಲು ಮುಚ್ಚಿರಲಿ.

ತೊಲೆಗಳು ಸಾಮಾನ್ಯವಾಗಿ ಕೆಡುವುದು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ದಬ್ಬಳದಿಂದ ಚುಚ್ಚಿ ನೋಡಿ. ಬಲ ಹಾಕದೆ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಇಳಿದರೆ ಆ ಭಾಗ ಹೋಗಿದೆ. ತುದಿ ಮಾತ್ರ ಕೊಳೆತು ಉಳಿದದ್ದು ಗಟ್ಟಿಯಿದ್ದರೆ ತೊಲೆ ಎಸೆಯಬೇಡಿ. ಕೊಳೆತದ್ದನ್ನು ಕೊಯ್ದು, ಗೋಡೆಗೆ ಹೊಂದಿಕೊಂಡು ಕಲ್ಲಿನ ಅಡಿಪೀಠದ ಮೇಲೆ ಒಂದು ಕಂಬ ನಿಲ್ಲಿಸಿ, ಮೇಲೆ ಬೋದಿಗೆ (ಕಂಬದ ತಲೆಯ ಮೇಲಿನ ಅಡ್ಡ ತುಂಡು) ಇಟ್ಟು ತೊಲೆಯನ್ನು ಅದರ ಮೇಲೆ ಕೂರಿಸಿದರೆ ಸಾಕು. ಹಳೆಯ ಸಾಗವಾನಿ ತೊಲೆಯಷ್ಟು ದಟ್ಟವಾದ ಮರ ಇವತ್ತಿನ ಮರದ ಅಡ್ಡೆಯಲ್ಲಿ ಸಿಗುವುದು ಕಷ್ಟ. ಗಟ್ಟಿ ತುದಿಯನ್ನು ಗೋಡೆಯೊಳಗೆ ಮತ್ತೆ ಇಡುವಾಗ ಕೆಳಗೆ ಚಪ್ಪಟೆ ಕಲ್ಲು ಕೊಡಿ, ಎರಡೂ ಪಕ್ಕ ಮತ್ತು ಹಿಂಬದಿಗೆ ಒಂದಿಂಚು ಗಾಳಿಯಾಡುವ ಸಂದು ಬಿಡಿ. ಸಂದಿಗೆ ಸಿಮೆಂಟ್ ತುಂಬಿದ ತೊಲೆಗಳೇ ಮೊದಲು ಕೊಳೆಯುವುದು.

ಗೆದ್ದಲಿಗೆ, ಹುಳುವಿಗೆ ಬೊರಾಕ್ಸ್ ದ್ರಾವಣ ಒಳ್ಳೆಯದು: 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬೊರಾಕ್ಸ್, 400 ಗ್ರಾಂ ಬೋರಿಕ್ ಆ್ಯಸಿಡ್. ಹಳೆಯ ಬಣ್ಣ ಕೆರೆದ ಮರಕ್ಕೆ ಬ್ರಷ್‌ನಿಂದ ಎರಡು ಸಲ, ನಡುವೆ ಒಂದು ದಿನ ಬಿಟ್ಟು. ಮಳೆ ಬೀಳುವ ಜಾಗದ ಮರಕ್ಕೆ ಇದು ಉಪಯೋಗವಿಲ್ಲ, ತೊಳೆದುಹೋಗುತ್ತದೆ.

ಇನ್ನು ಮೇಲೆ ಏನು ಹಾಕುವುದು? ಎರಡು ದಾರಿ.

ಮೊದಲನೆಯದು ಮತ್ತೆ ಮಣ್ಣು. ಜಂತಿಗಳ ಮೇಲೆ ಹಲಗೆ ಅಥವಾ ಕಲ್ಲಿನ ಚಕ್ಕೆ, ಅದರ ಮೇಲೆ ಲಕ್ಕಿ ಸೊಪ್ಪು, ಬೇವಿನ ಸೊಪ್ಪಿನ ಒತ್ತಾದ ಹಾಸು. ಅದರ ಮೇಲೆ ಭತ್ತದ ಹುಲ್ಲು ಕಲಸಿದ ಕೆಂಪು ಮಣ್ಣು ನಾಲ್ಕಿಂಚು, ದಿಮ್ಮಸಿನಿಂದ ಬಡಿದು. ಕೊನೆಗೆ ಸವಳು ಮಣ್ಣು ಎರಡಿಂಚು. ಎಲ್ಲ ಸೇರಿ ಏಳಿಂಚು ಮೀರಬಾರದು. ಕುಂಬಿಯ (ಮಾಳಿಗೆಯ ಸುತ್ತಲಿನ ಗಿಡ್ಡ ಗೋಡೆಯ) ಒಳಮೈ ಮೇಲೆ ಏಳಿಂಚಿಗೆ ಒಂದು ಗುರುತು ಕೆತ್ತಿಸಿಬಿಡಿ. ಪ್ರತಿವರ್ಷ ಎಷ್ಟು ಹೊಸದು ಹಾಕುತ್ತೀರೋ ಅಷ್ಟು ಹಳೆಯದನ್ನು ಮೊದಲು ಕೆರೆಯಬೇಕು. ಈ ಕೆಲಸಕ್ಕೆ ಆಳು ಸಿಗುವ ಹಳ್ಳಿಯಲ್ಲಿ, ಮನೆಯವರು ವರ್ಷಕ್ಕೊಮ್ಮೆ ಮಾಳಿಗೆ ಹತ್ತುವಲ್ಲಿ ಮಾತ್ರ ಈ ದಾರಿ.

ಎರಡನೆಯದು ಇಟ್ಟಿಗೆ-ಸುಣ್ಣದ ಮಾಳಿಗೆ, ಮದ್ರಾಸ್ ಟೆರೇಸ್ ಎಂದು ಹೆಸರಾದದ್ದು. ಇದಕ್ಕೆ ಐಎಸ್ 2119 ಎಂಬ ಭಾರತೀಯ ಮಾನಕ ಸಂಹಿತೆಯೇ ಇದೆ. ಜಂತಿಗಳ ನಡುವಿನ ಅಂತರ ಒಂದರಿಂದ ಒಂದೂವರೆ ಅಡಿ. ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು (15 × 7.5 × 2.5 ಸೆಂಮೀ) ಅಂಚಿನ ಮೇಲೆ ನಿಲ್ಲಿಸಿ, ಗೋಡೆಗೆ ಓರೆಯಾಗಿ 45 ಡಿಗ್ರಿಯಲ್ಲಿ, ಸುಣ್ಣದ ಗಾರೆಯಲ್ಲಿ ಕಟ್ಟುತ್ತಾರೆ. ಮೂಲೆಯಿಂದ ಶುರು ಮಾಡಿ ಪ್ರತಿ ಸಾಲನ್ನೂ ಹಿಂದಿನ ಸಾಲಿಗೆ ಒತ್ತಿ ಕೂರಿಸಬೇಕು. ಈ ಅಳತೆಯ ಇಟ್ಟಿಗೆ ಅಂಗಡಿಯಲ್ಲಿ ಸಿಗುವುದಿಲ್ಲ, ಭಟ್ಟಿಯವರಿಗೆ ಅಚ್ಚು ಕೊಟ್ಟು ಮೊದಲೇ ಹೇಳಿಡಬೇಕು. ಒಂದು ಚದರ ಮೀಟರ್‌ಗೆ ಗಾರೆಯ ಸಂದು ಕಳೆದು ಸುಮಾರು 190–200 ಇಟ್ಟಿಗೆ ಹಿಡಿಯುತ್ತವೆ. ಒಡೆಯುವುದಕ್ಕೆ ನೂರಕ್ಕೆ ಹತ್ತು ಹೆಚ್ಚಿಗೆ ತರಿಸಿ.

ಇಟ್ಟಿಗೆಯ ಪದರ ಬಿಗಿದ ಮೇಲೆ ಮೂರಿಂಚು ಇಟ್ಟಿಗೆ ಜಲ್ಲಿಯ ಸುಣ್ಣದ ಕಾಂಕ್ರೀಟ್. 20 ಮಿಮೀ ಜಲ್ಲಿ ಎರಡೂವರೆ ಪಾಲಿಗೆ ಅರಳಿಸಿದ ಸುಣ್ಣ ಒಂದು ಪಾಲು; ಮರಳು ಬೇಡ. ಜಲ್ಲಿಯನ್ನು ಹಿಂದಿನ ದಿನವೇ ನೀರಲ್ಲಿ ನೆನೆಸಿಡಬೇಕು, ಒಣ ಇಟ್ಟಿಗೆ ಸುಣ್ಣದ ನೀರನ್ನೆಲ್ಲ ಕುಡಿದುಬಿಡುತ್ತದೆ. ನಾಲ್ಕಿಂಚು ಹರಡಿ, ಮರದ ಬಡಿಗೆಗಳಿಂದ ಸಾಲಾಗಿ ಕೂತು ಬಡಿಯಬೇಕು. ಬಡಿಯುವಾಗ ಚಿಮುಕಿಸಲು 60 ಲೀಟರ್ ನೀರಿಗೆ 1.75 ಕಿಲೋ ಬೆಲ್ಲ, 1 ಕಿಲೋ ಬಿಲ್ವದ ಕಾಯಿ ಕುದಿಸಿದ ನೀರು. ಬಿಲ್ವದ ಬದಲು ಅಳಲೆಕಾಯಿ ನೆನೆಸಿದ ನೀರನ್ನೂ ಹಾಕುತ್ತಾರೆ. ಬೆಲ್ಲ ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿಯಾಗುತ್ತದೆ ಎಂಬುದು ತಪ್ಪು: ಹೆಚ್ಚಾದರೆ ಸುಣ್ಣ ಬಿಗಿಯುವುದು ತಡವಾಗುತ್ತದೆ, ಇರುವೆ ಬೇರೆ. ಬಡಿಗೆ ತಾಕಿದಾಗ ಜಲ್ಲಿ ಕುಸಿಯದೆ ಬಡಿಗೆಯೇ ಪುಟಿದು ಬಂದರೆ ಬಡಿತ ಸಾಕಾಗಿದೆ. ಮೂರು ದಿನವಾದರೂ ಹಿಡಿಯುವ ಕೆಲಸವಿದು. ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆಂದರೆ ಅವರಿಗೆ ಕೊಡಬೇಡಿ. ಆಮೇಲೆ ಗೋಣಿತಟ್ಟು ಹಾಸಿ ಹತ್ತು ದಿನ ಒದ್ದೆಯಾಗಿಡಿ. ಕೊನೆಗೆ ಚಪ್ಪಟೆ ಹೆಂಚು ಸುಣ್ಣದ ಗಾರೆಯಲ್ಲಿ, ಮೇಲೆ ಬಿಳಿ ಸುಣ್ಣ ಎರಡು ಕೋಟು. ಬಿಳುಪಿದ್ದಷ್ಟು ಬಿಸಿಲು ಹಿಂದಕ್ಕೆ ಹೋಗುತ್ತದೆ.

ಈ ಮಾಳಿಗೆಯ ತೂಕ ಚದರ ಮೀಟರ್‌ಗೆ ಸುಮಾರು 300 ಕಿಲೋ. ಐದಿಂಚಿನ ಆರ್‌ಸಿಸಿ ಸ್ಲ್ಯಾಬ್ ಕೂಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ, ಹಾಗಾಗಿ ಸ್ಲ್ಯಾಬ್ ಭಾರ ಎಂಬ ವಾದ ಸರಿಯಲ್ಲ. ಅದರ ದೋಷ ಬೇರೆ: ಹಗಲು ಕಾದು ಹಿಗ್ಗಿ, ರಾತ್ರಿ ಕುಗ್ಗಿ ಮಣ್ಣಿನ ಗೋಡೆಯ ತಲೆಯನ್ನು ದಿನಾ ಎಳೆದಾಡುತ್ತದೆ, ಕಾದ ಬಿಸಿಯನ್ನು ರಾತ್ರಿಯೆಲ್ಲ ಒಳಗೆ ಬಿಡುತ್ತದೆ.

ಮಾಳಿಗೆಯ ಇಳಿಜಾರು ಹತ್ತಡಿಗೆ ಎರಡೂವರೆ ಇಂಚು. ಪ್ರತಿ 250–300 ಚದರಡಿಗೆ ನಾಲ್ಕಿಂಚಿನ ಒಂದು ಹರಿನಾಳ. ಗೋಡೆಯಿಂದ ಒಂದೂವರೆಯಿಂದ ಎರಡಡಿ ಆಚೆ ಚಾಚಿರಬೇಕು. ಕಲ್ಲಿನದಾದರೆ ಮೂತಿಯ ಕೆಳಗೆ ಒಂದು ಗೀರು ಕೊರೆಸಿ, ಇಲ್ಲದಿದ್ದರೆ ನೀರು ಕಲ್ಲಿನ ತಳವನ್ನೇ ಹಿಡಿದು ಗೋಡೆಗೆ ಮರಳುತ್ತದೆ. ಮಾಳಿಗೆ ಮತ್ತು ಕುಂಬಿ ಕೂಡುವ ಮೂಲೆಗೆ ಮೂರಿಂಚಿನ ಸುಣ್ಣದ ಗೋಲಾ (ಮೂಲೆ ತುಂಬುವ ದುಂಡು ಅಂಚು) ಕೊಡಿ. ಮಾಳಿಗೆ ಸೋರಿದರೆ ಮೊದಲು ಹುಡುಕಬೇಕಾದದ್ದು ಇದೇ ಮೂಲೆಯಲ್ಲಿ. ಮಾಳಿಗೆಯಲ್ಲಿ ಬೆಳಕು-ಗಾಳಿಗೆ ಬಿಟ್ಟ ಗವಾಕ್ಷಿಗಳನ್ನು ಮುಚ್ಚಬೇಡಿ. ಸುತ್ತ ಆರಿಂಚು ಎತ್ತರದ ಕಟ್ಟೆ ಕಟ್ಟಿ, ಮೇಲೆ ಎಂಟು ಮಿಮೀ ಟಫನ್ಡ್ ಗಾಜು ಇಟ್ಟು, ಬದಿಗೆ ಜಾಲರಿ ಹಾಕಿ ಗಾಳಿಗೆ ಸಂದು ಬಿಟ್ಟರೆ ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ.

ಸುಣ್ಣ

ಇಡೀ ಕೆಲಸದ ಹದ ಇರುವುದು ಇದರಲ್ಲಿ. ಹರಳು ಸುಣ್ಣ (ಸುಟ್ಟ, ಇನ್ನೂ ನೀರು ಹಾಕದ ಸುಣ್ಣ) ತಂದರೆ ಅದು ಗಟ್ಟಿಯಾಗಿ, ಹಗುರವಾಗಿರಬೇಕು. ಚೀಲದಲ್ಲೇ ಪುಡಿಯಾಗಿದ್ದರೆ ಗಾಳಿಯ ತೇವಕ್ಕೆ ಸತ್ತುಹೋಗಿದೆ. ಒಂದು ಹರಳನ್ನು ನೀರಿಗೆ ಹಾಕಿ ನೋಡಿ: ಕೆಲವೇ ನಿಮಿಷದಲ್ಲಿ ಬುಸುಗುಟ್ಟಿ ಕುದಿಯಬೇಕು. ಚೀಲದ ಪುಡಿ ಸುಣ್ಣ ಕೊಳ್ಳುವುದಾದರೆ ಒಂದು ಚಿಟಿಕೆಗೆ ನಿಂಬೆರಸ ಹಿಂಡಿ. ಜೋರಾಗಿ ನೊರೆ ಬಂದರೆ ಅದು ಸುಣ್ಣವಾಗಿ ಉಳಿದಿಲ್ಲ, ಮತ್ತೆ ಕಲ್ಲಿನ ಪುಡಿಯೇ ಆಗಿದೆ. ಗೋಡೆಗೆ ಹಚ್ಚಿದರೆ ಹಿಡಿಯುವುದಿಲ್ಲ.

ಅರಳಿಸುವಾಗ ಕಬ್ಬಿಣದ ಡ್ರಮ್ಮಿನಲ್ಲಿ ಅಥವಾ ಕಲ್ಲಿನ ಗುಂಡಿಯಲ್ಲಿ ಮೊದಲು ನೀರು, ಆಮೇಲೆ ಸುಣ್ಣ, ಸ್ವಲ್ಪಸ್ವಲ್ಪವಾಗಿ. ಸುಣ್ಣದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಪ್ಲಾಸ್ಟಿಕ್ ಡ್ರಮ್ ಬೇಡ, ಕುದಿತಕ್ಕೆ ಮೆತ್ತಗಾಗುತ್ತದೆ. ಒಂದು ಕಿಲೋ ಸುಣ್ಣಕ್ಕೆ ಮೂರು ಲೀಟರ್ ನೀರು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಯಾರೂ ಹತ್ತಿರ ಹೋಗಬಾರದು. ಕಣ್ಣಿಗೆ ಸಿಡಿದರೆ ಉಜ್ಜದೆ, ಕಾಲು ಗಂಟೆ ಎಡೆಬಿಡದೆ ಶುದ್ಧ ನೀರು ಹರಿಸಿ, ನೇರ ಆಸ್ಪತ್ರೆಗೆ ಹೋಗಬೇಕು. ಗುಂಡಿಗೆ ಮುಚ್ಚಳ, ಸುತ್ತ ಬೇಲಿ ಕಡ್ಡಾಯ. ಮಕ್ಕಳೂ ದನಗಳೂ ಓಡಾಡುವ ಹಿತ್ತಲು ಅದು.

ಅರಳಿದ್ದನ್ನು ಸಾಣಿಗೆಯಲ್ಲಿ ಸೋಸಿ, ಎರಡಿಂಚು ನೀರು ನಿಲ್ಲುವಂತೆ ಮುಚ್ಚಿಡಿ. ಕನಿಷ್ಠ ಮೂರು ವಾರ, ಮೂರು ತಿಂಗಳಾದರೆ ಒಳ್ಳೆಯದು. ಅವಸರ ಮಾಡಿದರೆ ಅರಳದೆ ಉಳಿದ ಕಾಳುಗಳು ಗಿಲಾವಿನಲ್ಲಿ ಸೇರಿ, ತಿಂಗಳುಗಳ ನಂತರ ನೀರು ಕುಡಿದು ಉಬ್ಬಿ ಸಣ್ಣಸಣ್ಣ ಗುಳಿ ಬೀಳಿಸುತ್ತವೆ. ಹಣ್ಣಾದ ಸುಣ್ಣ ಬೆಣ್ಣೆಯಂತೆ ಕರಣಿಗೆ ಅಂಟದೆ ಜಾರುತ್ತದೆ.

ಶುದ್ಧ ಸುಣ್ಣ ಗಾಳಿಯಿಂದ ಮಾತ್ರ ಗಟ್ಟಿಯಾಗುತ್ತದೆ, ಅದೂ ನಿಧಾನ. ತೇವದ ಜಾಗದಲ್ಲಿ, ಬುಡದಲ್ಲಿ, ಕುಂಬಿಯಲ್ಲಿ ಸುರ್ಕಿ ಬೇಕು. ಸುರ್ಕಿಗೆ ಹದವಾಗಿ, ಸ್ವಲ್ಪ ಕಡಿಮೆಯೇ ಬೆಂದ ಇಟ್ಟಿಗೆಯ ಪುಡಿ. ಅತಿಯಾಗಿ ಬೆಂದು ಕಪ್ಪಾದ ಇಟ್ಟಿಗೆಯ ಪುಡಿ ಸುಣ್ಣದ ಜತೆ ಕೂಡುವುದಿಲ್ಲ, ಬರೀ ಮರಳಾಗಿ ಉಳಿಯುತ್ತದೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ಕಲ್ಲುಗಳ ನಡುವೆ ಇರುವುದೂ ಸುರ್ಕಿ ಗಾರೆಯೇ, ಹಾಗಾಗಿ ‘ಸುಣ್ಣ ನೀರಿಗೆ ತಡೆಯಲ್ಲ’ ಎನ್ನುವ ಗೌಂಡಿಗೆ ಉತ್ತರ ದೂರ ಹುಡುಕಬೇಕಿಲ್ಲ. ಸುರ್ಕಿ ಸಿಗದಿದ್ದರೆ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ನಡೆಯುತ್ತದೆ, ಆದರೆ ಬೂದುಬಣ್ಣದ್ದು ಮಾತ್ರ. ಕರಿ ಬೂದಿಯಲ್ಲಿ ಇದ್ದಿಲಿನ ಅಂಶ ಹೆಚ್ಚು.

ಅಳತೆಗಳು ಹೀಗೆ. ಒಣ ಜಾಗದ ಗಿಲಾವಿಗೆ ಸುಣ್ಣದ ಮುದ್ದೆ 1, ಮರಳು 3. ತೇವದ ಜಾಗಕ್ಕೆ ಸುಣ್ಣ 1, ಸುರ್ಕಿ 1, ಮರಳು 2. ನೂರು ಚದರಡಿಗೆ 15 ಮಿಮೀ ದಪ್ಪದ ಗಿಲಾವಿಗೆ, ಗೋಡೆಯ ಏರುತಗ್ಗು ಸೇರಿಸಿ, 6 ಘನ ಅಡಿ ಮರಳು, 2 ಘನ ಅಡಿ ಸುಣ್ಣದ ಮುದ್ದೆ ಬೇಕು. ಅಷ್ಟು ಮುದ್ದೆ ಸುಮಾರು 75–80 ಕಿಲೋ ತೂಗುತ್ತದೆ, ಅದಕ್ಕೆ 30–35 ಕಿಲೋ ಒಳ್ಳೆಯ ಹರಳು ಸುಣ್ಣ ಸಾಕು. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಬಳಸಿ, ಅದರ ಧೂಳೇ ಗಿಲಾವಿಗೆ ಕೂದಲೆಳೆಯ ಬಿರುಕು ತರುವುದು.

ಗೋಡೆ

ಹಳೆಯ ಸಿಮೆಂಟ್ ಗಿಲಾವನ್ನು ಟೊಳ್ಳಾದ ಕಡೆಯಿಂದ ಉಳಿ-ಸುತ್ತಿಗೆಯಲ್ಲಿ ತೆಗೆಯಿರಿ, ಬ್ರೇಕರ್ ಮಷಿನ್ ಬೇಡವೇ ಬೇಡ. ಅದರ ಅದುರಿಗೆ ನಡುವಿನ ಮಣ್ಣು ಕುಸಿಯುತ್ತದೆ. ತೆಗೆದ ಮೇಲೆ ಒಂದು ತಿಂಗಳಾದರೂ ಗೋಡೆಯನ್ನು ಬತ್ತಲಾಗಿ ಬಿಡಿ, ಒಣಗಲಿ. ಕಲ್ಲಿನ ಗೋಡೆಗೆ ಅಡ್ಡಗಲ್ಲು ಕಡಿಮೆಯಿದ್ದರೆ ಎತ್ತರಕ್ಕೆ ಎರಡಡಿಗೊಂದು, ಅಡ್ಡಕ್ಕೆ ನಾಲ್ಕಡಿಗೊಂದರಂತೆ, ಸಾಲುಸಾಲಿಗೆ ಪಲ್ಲಟವಾಗಿ ಹೊಸದಾಗಿ ಕೂರಿಸಿ. ಒಂದು ಸಲಕ್ಕೆ ಒಂದೇ ತೂತು. ಅದು ಬಿಗಿಯಾದ ಮೇಲೆ ಮುಂದಿನದು.

ಕಲ್ಲಿನ ಗೋಡೆಗೆ ಸುಣ್ಣದ ಗಿಲಾವು, ಪೂರ್ತಿ ಮಣ್ಣಿನ ಗೋಡೆಗೆ ಮಣ್ಣಿನದೇ ಗಿಲಾವು. ಸಂದುಗಳನ್ನು ಮುಕ್ಕಾಲು ಇಂಚು ಕೆದಕಿ, ಹಿಂದಿನ ಸಂಜೆ ಮತ್ತು ಬೆಳಗ್ಗೆ ಕಲ್ಲಿಗೆ ನೀರು ಚಿಮುಕಿಸಿ. ಮೊದಲ ಕೋಟು 10–12 ಮಿಮೀ, ಕರಣಿಯಿಂದ ಬೀಸಿ ಎಸೆದು. ಹೆಬ್ಬೆರಳು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ಗೀರು ಹಾಕಿದ ಅದರ ಮೈಗೆ ಎರಡನೆಯದು 6–8 ಮಿಮೀ. ಕೊನೆಯ ನಯ ಬೇಕಿದ್ದರೆ ಮೂರು ಮಿಮೀ, ಸುಣ್ಣಕ್ಕೆ ಸಮ ಪಾಲು ಅಮೃತಶಿಲೆಯ ಪುಡಿ ಸೇರಿಸಿ, ಹದ ನೋಡಿ ನುಣ್ಣಗಿನ ಕಲ್ಲಿನಿಂದ ತಿಕ್ಕಬೇಕು. ತಿಕ್ಕುವ ಹೊತ್ತು ತಪ್ಪಿದರೆ ಹೊಳಪು ಬರುವುದಿಲ್ಲ; ಬೇಗ ತಿಕ್ಕಿದರೆ ಎದ್ದು ಬರುತ್ತದೆ, ತಡವಾದರೆ ಕಲ್ಲು ಗೀಚುತ್ತದೆ. ಇದು ಕೈಗೆ ಗೊತ್ತಾಗುವ ಹದ, ಅಳತೆಗೆ ಸಿಗುವುದಿಲ್ಲ.

ಪ್ರತಿ ಕೋಟನ್ನೂ ವಾರ ಕಾಲ ಮಂಜು ಮಂಜಾಗಿ ನೀರು ಚಿಮುಕಿಸಿ ಇಡಬೇಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗಲು ಅದಕ್ಕೆ ತೇವ ಬೇಕು. ನಮ್ಮ ಬೇಸಿಗೆಯ ಬಿಸಿಗಾಳಿಗೆ ಎರಡೇ ತಾಸಿನಲ್ಲಿ ಒಣಗಿದ ಗಿಲಾವು ಕಲ್ಲಾಗದೆ ಪುಡಿಯಾಗಿ ಕೈಗೆ ಬರುತ್ತದೆ. ಹೊರಗೋಡೆಗೆ ಗೋಣಿತಟ್ಟು ಇಳಿಬಿಟ್ಟು ಮರೆ ಮಾಡಿ.

ಮಣ್ಣಿನ ಗಿಲಾವಿಗೆ ಮಣ್ಣಿನ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ನೇರ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು, ಕುಲುಕಿ ಇಡಿ. ಮರಳು ನಿಮಿಷದಲ್ಲಿ ತಳ ಸೇರುತ್ತದೆ, ಗೋಡು (ಮರಳಿಗಿಂತ ಸಣ್ಣ ಕಣದ ನುಣುಪು ಮಣ್ಣು) ಒಂದೆರಡು ತಾಸಿನಲ್ಲಿ, ಜಿಗುಟು ಮಣ್ಣು ಮರುದಿನಕ್ಕೆ. ಜಿಗುಟು ಐದನೇ ಒಂದು ಪಾಲು ದಾಟಿದ್ದರೆ ಮರಳು ಬೆರೆಸಿ. ಎರೆಮಣ್ಣನ್ನು ಗಿಲಾವಿಗೆ ಬಳಸಬೇಡಿ, ಎಷ್ಟೇ ಮರಳು ಹಾಕಿದರೂ ಬಿರಿಯುತ್ತದೆ. ಒಂದಿಂಚು, ಎರಡಿಂಚು ಉದ್ದಕ್ಕೆ ಕತ್ತರಿಸಿದ ಭತ್ತದ ಹುಲ್ಲು, ಸ್ವಲ್ಪ ಸಗಣಿ ಸೇರಿಸಿ ತುಳಿದು ಏಳರಿಂದ ಹತ್ತು ದಿನ ಕೊಳೆಹಾಕಿ. ಒಂದಡಿ ಚದರದ ಮೂರ್ನಾಲ್ಕು ಮಾದರಿ ಹಚ್ಚಿ ನೋಡಿ: ಬಿರಿದರೆ ಮರಳು ಕಡಿಮೆ, ಉದುರಿದರೆ ಜಿಗುಟು ಕಡಿಮೆ.

ಸುಣ್ಣ ಬಳಿಯಲು ಒಂದು ಪಾಲು ಮುದ್ದೆಗೆ ನಾಲ್ಕು ಪಾಲು ನೀರು, ಬಟ್ಟೆಯಲ್ಲಿ ಸೋಸಿದ್ದು. ಹಾಲಿನಷ್ಟು ತೆಳ್ಳಗೆ, ನಾಲ್ಕೈದು ಕೋಟು. ಬಳಿಯುವಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬಿಳುಪು ಏಳುತ್ತದೆ. ಕಾಣಲಿಲ್ಲವೆಂದು ದಪ್ಪ ಮಾಡಿದರೆ ಸಿಪ್ಪೆಯೇಳುತ್ತದೆ. ಬಣ್ಣಕ್ಕೆ ಕೆಮ್ಮಣ್ಣು, ಹಳದಿ ಮಣ್ಣು ಸುಣ್ಣದ ಕ್ಷಾರಕ್ಕೆ ಮಾಸುವುದಿಲ್ಲ. ಇದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಇಲ್ಲಿಯವರೆಗಿನ ಖರ್ಚೆಲ್ಲ ಮಣ್ಣುಪಾಲು.

ನೆಲ, ಬಾಗಿಲು, ಬಚ್ಚಲು

ನೆಲಕ್ಕೆ ಶಹಾಬಾದಿ ಪರಸಿ ಸಾಕು, ಅಗ್ಗವೂ ಹೌದು. ಬಡಿದ ಮಣ್ಣಿನ ಮೇಲೆ ನಾಲ್ಕಿಂಚು ದಪ್ಪಜಲ್ಲಿ, ಎರಡಿಂಚು ಮರಳು, ಒಂದೂವರೆ ಇಂಚು ಸುಣ್ಣದ ಗಾರೆ, ಮೇಲೆ ಕಲ್ಲು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಡಿ. ನೆಲದ ತೇವ ಬೇರೆ ದಾರಿಯಿಲ್ಲದೆ ಗೋಡೆ ಹತ್ತುತ್ತದೆ. ಶಹಾಬಾದಿ ಸುಣ್ಣದ ಜಾತಿಯ ಕಲ್ಲು, ಆ್ಯಸಿಡ್ ಹಾಕಿ ತೊಳೆದರೆ ಮೈ ತಿಂದುಹೋಗುತ್ತದೆ. ಹುಣಸೆರಸ ಬಿದ್ದರೂ ಕಲೆ. ಅಡುಗೆ ಕಟ್ಟೆಗೆ, ಹೊಸ್ತಿಲ ಹೊರಗಿನ ಮೆಟ್ಟಿಲಿಗೆ ಕುಷ್ಟಗಿ, ಮುದಗಲ್ ಕಡೆಯ ಗ್ರಾನೈಟ್ ಹಾಕಿ, ಮೆಟ್ಟಿಲಿಗೆ ಪಾಲಿಶ್ ಬೇಡ, ಉಳಿ ಹೊಡೆದ ಮೈ ಇರಲಿ.

ತಲೆಬಾಗಿಲ ಮೇಲಿನ ಎನಾಮೆಲ್ ಪೇಂಟನ್ನು ಬೆಂಕಿ ದೀಪದಿಂದ ಸುಡಬೇಡಿ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒದ್ದೆ ಮಾಡಿ ಕೆರೆಯಿರಿ, ಮೂಗಿಗೆ ಮಾಸ್ಕ್ ಇರಲಿ. ಕೆತ್ತನೆಯ ಸಂದುಗಳಿಗೆ ಬಿದಿರಿನ ಕಡ್ಡಿ, ಲೋಹದ್ದಲ್ಲ. ಆಮೇಲೆ ಕುದಿಸಿದ ಅಗಸೆ ಎಣ್ಣೆಗೆ ಸಮ ಟರ್ಪೆಂಟೈನ್ ಬೆರೆಸಿ ಮೊದಲ ಕೈ, ಮುಂದಿನ ಎರಡು ಕೈ ಬರೀ ಎಣ್ಣೆ, ಒಂದೊಂದಕ್ಕೂ ಎರಡು ಮೂರು ದಿನ ಅಂತರ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು, ತಾವೇ ಬಿಸಿಯಾಗಿ ಹೊತ್ತಿಕೊಳ್ಳುತ್ತವೆ. ನೀರಿನ ಬಕೆಟ್ಟಿಗೆ ಹಾಕಿ. ಬಾಗಿಲ ಮೇಲಿನ ಪಟ್ಟಿಗೆ ಚಿತ್ರದ ಕೆಲಸ ಬೇಕೆನ್ನುವವರು ಕೊಪ್ಪಳದ ಪಕ್ಕದ ಕಿನ್ನಾಳಕ್ಕೇ ಹೋಗಿ ಕಲಾವಿದರ ಜತೆ ಮಾತಾಡುವುದು ಒಳ್ಳೆಯದು. ಒಳಬಾಗಿಲಿಗಾದರೆ ಬಣ್ಣ ಬಾಳುತ್ತದೆ, ಬಿಸಿಲು ಬೀಳುವ ಕಡೆಗೆ ಅಲ್ಲ.

ಬಚ್ಚಲು, ಶೌಚಾಲಯವನ್ನು ಹಳೆಯ ಗೋಡೆಗಳ ನಡುವೆ ತುರುಕಬೇಡಿ. ಹಿಂಬದಿಯಲ್ಲಿ ಬೇರೆ ಪಾಯದ ಮೇಲೆ, ಒಂದಿಂಚು ಸಂದು ಬಿಟ್ಟು ಕಟ್ಟಿ. ಅಲ್ಲಿ ಸಿಮೆಂಟ್, ಟೈಲ್ಸ್ ಏನು ಬೇಕಾದರೂ ಆಗಲಿ. ನೀರಿನ ಪೈಪ್ ಮಣ್ಣಿನ ಗೋಡೆಯೊಳಗೆ ಹೋಗಲೇಬಾರದು. ವಿದ್ಯುತ್ ತಂತಿಗೂ ಗೋಡೆ ಕೊರೆಯದೆ ಜಂತಿಗಳ ಪಕ್ಕದಲ್ಲಿ ಮೇಲ್ಪೈಪ್ ಓಡಿಸಿ.

ಕಾಲ ಮತ್ತು ಕರಾರು

ಮಳೆಗಾಲ ಬಿರುಕು ಮತ್ತು ನೀರು ನೋಡಲಿಕ್ಕೆ. ದೀಪಾವಳಿ ಹೊತ್ತಿಗೆ ಸುಣ್ಣ ಗುಂಡಿಗೆ ಬೀಳಲಿ, ಅದೇ ಹೊತ್ತಿಗೆ ಸುತ್ತಲಿನ ಕಾಲುವೆ ಕೆಲಸ ಮತ್ತು ಸಿಮೆಂಟ್ ಕೀಳುವುದು. ಸಂಕ್ರಾಂತಿ ಕಳೆದ ಮೇಲೆ ಮಾಳಿಗೆ ಬಿಚ್ಚಿ ಮಾರ್ಚ್ ಒಳಗೆ ಮುಚ್ಚಬೇಕು. ಒಳಗೋಡೆಯ ಗಿಲಾವು ಮಾಳಿಗೆಯ ಹಿಂದೆಯೇ ಆಗಬಹುದು. ಹೊರಗೋಡೆಯದು ಒಂದು ಮಳೆಗಾಲ ದಾಟಿ ಮುಂದಿನ ನವೆಂಬರ್‌ಗೆ. ಅಷ್ಟರಲ್ಲಿ ಮಾಳಿಗೆ ಎಲ್ಲಾದರೂ ಸೋರುತ್ತಿದ್ದರೆ ಗೊತ್ತಾಗುತ್ತದೆ, ಹೊಸ ಗಿಲಾವು ಒಡೆಯುವ ಪ್ರಸಂಗ ಬರುವುದಿಲ್ಲ.

ಸುಣ್ಣದ ಕೆಲಸವನ್ನು ಚದರಡಿ ಗುತ್ತಿಗೆಗೆ ಕೊಡಬೇಡಿ, ದಿನಗೂಲಿಗೆ ಕೊಡಿ. ಗುತ್ತಿಗೆಯಾದರೆ ಗೌಂಡಿ ಕೋಟಿನ ನಡುವಿನ ದಿನಗಳನ್ನು ಉಳಿಸಲು ನೋಡುತ್ತಾರೆ, ಬೇಗ ಬಿಗಿಯಲೆಂದು ಗಾರೆಗೆ ಒಂದು ಬುಟ್ಟಿ ಸಿಮೆಂಟ್ ಸೇರುವುದೂ ಆಗಲೇ. ಕರಾರಿಗೆ ಮೊದಲು ಹಿತ್ತಲ ಗೋಡೆಯ ಮೇಲೆ ಮೂರಡಿ ಚದರದ ಮಾದರಿ ಮಾಡಿಸಿ, ಅದರ ಕೂಲಿ ಕೊಟ್ಟುಬಿಡಿ. ಮೂರು ವಾರ ಬಿಟ್ಟು ನಾಣ್ಯದ ಅಂಚಿನಿಂದ ಗೀಚಿ ನೋಡಿ. ಬಿಳಿ ಗೀರಷ್ಟೇ ಬಿದ್ದರೆ ಅದೇ ಗೌಂಡಿ, ಅದೇ ಅಳತೆ. ಪುಡಿ ಉದುರಿದರೆ ಮರಳು, ಸುಣ್ಣ, ನೀರು ಚಿಮುಕಿಸಿದ ಬಗೆ ಮೂರನ್ನೂ ಮತ್ತೆ ನೋಡಿ ಇನ್ನೊಂದು ಮಾದರಿ ಮಾಡಿಸಿ.